ಕೊಡಪಾನ ತಟ್ಟಿ ಬೈದವರು

ಅವರಿಗೆ ಸಿಟ್ಟು ಬಂದರೆ ದನಿ ಇಳಿಯುತ್ತಿತ್ತು. ನಮ್ಮ ನಿಮ್ಮ ಹಾಗೆ ಏರುತ್ತಿರಲಿಲ್ಲ. ಒಮ್ಮೆ ಬೈಂದೂರಿನಿಂದ ಬರುವ ಬಸ್ಸಿನಲ್ಲಿ ಇದನ್ನು ಕಣ್ಣಾರೆ ಕಂಡೆ. ತ್ರಾಸಿಯಲ್ಲಿ ಮೀನಿನ ಬುಟ್ಟಿ ಹೊತ್ತ ಹೆಂಗಸೊಬ್ಬಳು ಹತ್ತಿದಳು. ವಾಸನೆ ಬರುತ್ತದೆ, ಇಳಿ ಎಂದ ಕಂಡಕ್ಟರು. ಇವರು ಸೀಟಿನಿಂದ ಎದ್ದು ಹೋಗಿ ಅವನ ಹತ್ತಿರ ಏನೋ ಹೇಳಿದರು. ಎರಡು ಸೀಟು ಹಿಂದಿದ್ದ ನನಗೆ ಒಂದಕ್ಷರ ಕೇಳಲಿಲ್ಲ. ಕಂಡಕ್ಟರು ತಾನೇ ಬುಟ್ಟಿ ಎತ್ತಿ ಹಿಂದೆ ಇಟ್ಟ. ಕುಂದಾಪುರದವರೆಗೂ ಆ ಮನುಷ್ಯ ಫುಟ್‌ಬೋರ್ಡು ಬಿಟ್ಟು ಒಳಗೆ ಬರಲಿಲ್ಲ.

ಇಳಿದ ಮೇಲೆ ಕೇಳಿದೆ. "ಎಂತ ಹೇಳ್ದ್ರಿ ಅಕ್ಕ ಅವ್ನಿಗೆ?"

"ಎಂತದೂ ಇಲ್ಲ. ಅವ್ನ್ ಅಬ್ಬಿ ಹೆಸ್ರ್ ಕೇಳ್ದೆ" ಎಂದರು. "ಅವ್ಳೂ ಮೀನ್ ಮಾರ್ತಿದ್ಲ್, ನಂಗ್ ಗೊತ್ತಿತ್ತ್." ಅಬ್ಬಿ ಎಂದರೆ ನಮ್ಮಲ್ಲಿ ತಾಯಿ.

ತೊಂಬತ್ತೇಳು, ತೊಂಬತ್ತೆಂಟರ ಹೊತ್ತಿಗೆ ಕುಂದಾಪುರದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ ನನ್ನದೊಂದು ಕ್ಯಾಸೆಟ್ ಅಂಗಡಿ ಇತ್ತು. ಹಿಂದೆ ಒಂದು ಕೋಣೆ. ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ, ಬಾಗಿಲಿಗೆ ಹಳೆಯ ಕಂಬಳಿ ಇಳಿಬಿಟ್ಟು, ಅದಕ್ಕೆ ಸ್ಟುಡಿಯೋ ಎಂದು ಬೋರ್ಡು ಬರೆಸಿದ್ದೆ. ಭಜನಾ ಮಂಡಳಿಯವರು, ಯಕ್ಷಗಾನದವರು, ಚುನಾವಣೆ ಬಂದರೆ ಎಲ್ಲ ಪಕ್ಷದವರು ಅಲ್ಲಿಗೆ ಬಂದು ಬೆವರಿ ಹೋಗುತ್ತಿದ್ದರು. ಅಲ್ಲಿಗೆ ಒಂದು ಮಧ್ಯಾಹ್ನ ಇವರು ಬಂದರು. ಕಂಕುಳಲ್ಲಿ ಖಾಲಿ ಕೊಡಪಾನ.

ಇವರನ್ನು ಅರಿಯದವರು ಆಗ ಆ ಕಡೆ ಕಡಿಮೆ. ಬ್ರಹ್ಮಾವರದಿಂದ ಬೈಂದೂರಿನವರೆಗೆ ಮದುವೆ ಎಂದರೆ ಶೋಭಾನೆ ಹಾಡಲು ಇವರಿಗೆ ಮೊದಲ ಕರೆ. ಶೋಭಾನೆ ಎಂದರೆ ಹೆಂಗಸರು ಮದುವೆ ಮನೆಯಲ್ಲಿ ಹಾಡುವ ಹಾಡು. ಅದರಲ್ಲಿ ಬೀಗರ ಹಾಡು ಎಂದು ಒಂದು ಬಗೆ ಇದೆ. ಎದುರು ಕಡೆಯ ನೆಂಟರನ್ನು ಕೂರಿಸಿಕೊಂಡು ಅವರ ಮೀಸೆ, ಹೊಟ್ಟೆ, ಜಿಪುಣತನ ಎಲ್ಲವನ್ನೂ ಎತ್ತಿ ಆಡುವುದು. ಬೈಸಿಕೊಂಡವರು ಸಿಟ್ಟಾಗುವಂತಿಲ್ಲ, ನಗಬೇಕು. ಇದರಲ್ಲಿ ಇವರನ್ನು ಮೀರಿಸುವವರಿರಲಿಲ್ಲ. ಮೀಸೆಗೆ ಬಣ್ಣ ಹಚ್ಚಿಕೊಂಡು ಬಂದ ಮದುಮಗನ ಮಾವನೊಬ್ಬನ ಮೇಲೆ ಅಲ್ಲೇ ಹಾಡು ಕಟ್ಟಿದರಂತೆ. ಆತ ಊಟದ ನಂತರ ಹುಡುಕಿಕೊಂಡು ಬಂದು, ಇನ್ನೊಮ್ಮೆ ಹಾಡಿ ಎಂದನಂತೆ. ಹಾಗೆಂದು ಇನ್ನೊಬ್ಬರ ಹಾಡನ್ನು ಇವರು ಮೆಚ್ಚಿದ್ದು ನಾನು ಕಂಡಿಲ್ಲ. ಯಾರದ್ದಾದರೂ ಚೆನ್ನಾಗಿದೆ ಎಂದರೆ ಬೇರೆ ಕಡೆ ನೋಡುತ್ತಿದ್ದರು.

"ನಂಗೊಂದ್ ಕ್ಯಾಸೆಟ್ ಮಾಡ್ಕ್ ಮಾಣಿ" ಎಂದರು.

ನನಗೆ ಒಳಗೊಳಗೇ ಖುಷಿ. ಮದುವೆ ಕಾಲ ಹತ್ತಿರ ಬಂದಿತ್ತು, ಇವರ ಶೋಭಾನೆ ಎಂದರೆ ಬಿಸಿ ದೋಸೆ ಹಾಗೆ ಖರ್ಚಾಗುವ ಮಾಲು. ಕೀಬೋರ್ಡಿನವನಿಗೆ, ತಬಲದವನಿಗೆ ಹೇಳಿ ಕಳಿಸುತ್ತೇನೆ ಎಂದೆ.

"ಎಂತಕ್ಕೆ?"

"ಕೇಂಬುಕೆ ಚಂದ ಆತ್ತ್ ಅಕ್ಕ."

"ಚಂದ ಆಪುಕೆ ಹಾಡುದಲ್ಲ" ಎಂದು ಕೊಡಪಾನವನ್ನು ಮಡಿಲಲ್ಲಿ ಅಡ್ಡ ಹಾಕಿಕೊಂಡು ಕೂತರು. "ನಂಗೆ ಇದೊಂದ್ ಸಾಕ್."

ಅವರ ಮನೆ ಉಪ್ಪುನೀರಿನ ಹೊಳೆಯ ದಂಡೆಯಲ್ಲಿ. ಎರಡು ವರ್ಷದ ಹಿಂದೆ ಪಕ್ಕದ ಗದ್ದೆಗಳನ್ನು ಅಗೆದು ಸಿಗಡಿ ಕೆರೆ ಮಾಡಿದ್ದರು. ಸಿಗಡಿಗೆ ನಮ್ಮಲ್ಲಿ ಚಟ್ಲಿ ಎನ್ನುತ್ತೇವೆ. ಚಟ್ಲಿ ಸಾಕಲು ಉಪ್ಪುನೀರನ್ನು ಕಟ್ಟಿ ನಿಲ್ಲಿಸಿದರು, ಅದು ಮೆಲ್ಲಗೆ ಇಳಿದು ಸುತ್ತಲಿನ ಬಾವಿಗಳನ್ನು ಹಿಡಿಯಿತು. ಇವರ ಬಾವಿ ಮೊದಲು ಹೋಯಿತು. ಆಮೇಲೆ ಇಡೀ ಕೇರಿಯದ್ದು. ಗದ್ದೆಯ ಅಂಚಿನ ಮೇಲೆ ಅಷ್ಟು ದೂರ ನಡೆದು ಕುಡಿಯುವ ನೀರು ಹೊತ್ತು ತರಬೇಕು. ಆ ಕೊಡಪಾನವೇ ಇದು.

ಆಗಿನಿಂದ ಅವರಿಗೊಂದು ಅಭ್ಯಾಸ ಹತ್ತಿತ್ತು. ಯಾರ ಮನೆಯಲ್ಲಿ ನೀರು ಕೊಟ್ಟರೂ ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಸುಮ್ಮನೆ ಕೂರುವರು. ಆಮೇಲೆ ನುಂಗಿ, "ನಿಮ್ದ್ ಇನ್ನೂ ಸೀ ಇತ್ತ್" ಎನ್ನುವರು. ಸೀ ಇತ್ತ್ ಎಂದರೆ ಸಿಹಿ ಇದೆ, ಉಪ್ಪು ಹಿಡಿದಿಲ್ಲ ಎಂದು.

ರೆಕಾರ್ಡಿಂಗ್ ಶುರು ಮಾಡಿದೆ. ಫ್ಯಾನು ಆಫ್, ಕಂಬಳಿ ಇಳಿಸಿ, ನಾನು ಹೊರಗೆ ಮಿಷನ್ನಿನ ಹತ್ತಿರ. ಎರಡು ಸಾಲು ಹಾಡಿ ನಿಲ್ಲಿಸಿಬಿಟ್ಟರು.

"ಹ್ವಾಯ್, ಇಲ್ಲಿ ಬಾ. ಖಾಲಿ ಗೋಡಿಗೆ ಬೈಯುಕಾತ್ತಾ? ನೀ ನನ್ ಎದ್ರ್ ಕೂಕೋ."

ಬೀಗರ ಹಾಡಿಗೆ ಎದುರು ಬೀಗ ಬೇಕು. ಮಿಷನ್ನು ಓಡಲು ಬಿಟ್ಟು ನಾನು ಅವರೆದುರು ಚಕ್ಕಳಮಕ್ಕಳ ಹಾಕಿ ಕೂತೆ. ಆ ಮಧ್ಯಾಹ್ನ ಎಂಟು ಹಾಡು ಹಾಡಿದರು. ನಾನು ಒಮ್ಮೆ ಆಸ್ಪತ್ರೆಗೆ ಬಾರದ ಡಾಕ್ಟರು, ಒಮ್ಮೆ ಹೆಂಗಸರು ಕೈ ತೋರಿದರೆ ನಿಲ್ಲಿಸದ ಡ್ರೈವರು, ಒಮ್ಮೆ ಮರಳು ಸಾಗಿಸುವ ಲಾರಿಯ ಧಣಿ. ಕೊಡಪಾನದ ಮೇಲೆ ಬಳೆಯ ಕೈ ಬೀಳುತ್ತಿತ್ತು, ದನಿ ಹಾಡಿನಿಂದ ಹಾಡಿಗೆ ಇಳಿಯುತ್ತಿತ್ತು. ಬಾವಿ ಪರೀಕ್ಷೆಗೆ ಬಂದ ಅಧಿಕಾರಿಗಳ ಹಾಡು ಬಂದಾಗ ನಗು ತಡೆಯಲಾಗಲಿಲ್ಲ. ಟೇಪಿನಲ್ಲಿ ಈಗಲೂ ನನ್ನ ನಗು ಇದೆ.

ಜೀಪಂಗೆ ಬಂದ್ರ್ ಬೀಗ್ರ್ ಬಾವಿ ಕಾಂಬುಕೆ
ಬೊಂಡ ಕುಡ್ದ್ ಬಾಯ್ ಒರ್ಸ್ಕಂಡ್ರ್ ಶೋಭಾನೆ
ನೀರ್ ಹ್ಯಾಂಗಿತ್ತ್ ಬೀಗ್ರೇ ಅಂದ್ ಕೇಂಡ್ರೆ
ಸೀ ಇತ್ತ್ ಅಂದ್ ಬರ್ಕಂಡ್ರ್ ಶೋಭಾನೆ

ಇದು ನಡೆದದ್ದೇ. ಬಂದವರಿಗೆ ಊರಿನವರು ಮರ್ಯಾದೆಗೆ ಎಳನೀರು ಕೊಟ್ಟಿದ್ದರು. ಅವರು ಅದನ್ನೇ ಕುಡಿದು, ಬಾವಿಗೆ ಬಗ್ಗಿ ನೋಡಿ, ನೀರು ಸರಿಯಿದೆ ಎಂದು ಬರೆದುಕೊಂಡು ಹೋಗಿದ್ದರು.

ಕೊನೆಯ ಹಾಡು ಸಿಗಡಿ ಕೆರೆಯ ಯಜಮಾನರ ಮೇಲೆ. ಮನೆತನದ ಹೆಸರು ಹಿಡಿದೇ ಹಾಡಿದರು. ಅದನ್ನು ನಾನು ಇಲ್ಲಿ ಬಿಟ್ಟಿದ್ದೇನೆ.

ಹೊಳಿ ಕಟ್ಟಿ ಚಟ್ಲಿ ಸಾಕ್ದ ಬೀಗ ನೀನ್
ಊರ್ ಬಾವಿಗೆಲ್ಲ ಉಪ್ಪ್ ಬಡಿಸ್ದೆ ಶೋಭಾನೆ
ನಾಳೆ ನಿನ್ ಮನಿ ಮಗಳ್ ಮದಿ ಬಂದ್ರೆ
ನೀರ್ ಎಲ್ಲಿಂದ ತಪ್ದ್ ಹೇಳ್ ಬೀಗ ಶೋಭಾನೆ

ಈ ಹಾಡಿನಲ್ಲಿ ನನಗೆ ನಗು ಬರಲಿಲ್ಲ. ದನಿ ಅಷ್ಟು ಇಳಿದಿತ್ತು. ಮುಗಿದ ಮೇಲೆ, ಹೆಸರು ತೆಗೆದುಬಿಡೋಣ ಅಕ್ಕ ಎಂದೆ. "ಮದಿ ಮನ್ಯಂಗೆ ಬೈದ್ರೆ ಎಲಿ ಅಡ್ಕಿ ಕೊಡ್ತ್ರ್, ಹೊರಗ್ ಅದನ್ನೇ ಹೇಳ್ರೆ ಪೊಲೀಸ್ರನ್ ಕರಿತ್ರ್. ಕರೀಲಿ" ಎಂದು ಎದ್ದರು. ಹೋಗುವ ಮೊದಲು ಅಂಗಡಿಯ ಹಿಂದಿನ ನಲ್ಲಿಯಲ್ಲಿ ಕೊಡಪಾನ ತುಂಬಿಸಿಕೊಂಡರು.

ಈಗ ನನ್ನ ಘನಕಾರ್ಯಕ್ಕೆ ಬರುತ್ತೇನೆ. ಕ್ಯಾಸೆಟ್ಟಿಗೆ ಕವರ್ ಬೇಕಲ್ಲ. 'ಉಪ್ಪು ನೀರು' ಎಂದು ಹೆಸರಿಡು ಎಂದಿದ್ದರು. ಉಪ್ಪು ನೀರು ಎಂದರೆ ಯಾರು ಕೊಳ್ಳುತ್ತಾರೆ? ಮದುಮಗಳ ಚಿತ್ರ ಹಾಕಿ, 'ಕುಂದಾಪ್ರ ಶೋಭಾನೆ ಪದಗಳು' ಎಂದು ಅಚ್ಚು ಹಾಕಿಸಿದೆ. ಹಾಡಿನ ಮಟ್ಟು ಶೋಭಾನೆಯದೇ, ಹಾಡಿದವರೂ ಅವರೇ, ಸುಳ್ಳೆಲ್ಲಿ ಬಂತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅವರು ಕವರನ್ನು ತಿರುಗಿಸಿ ತಿರುಗಿಸಿ ನೋಡಿ, "ಹೆಣ್ಣ್ ಚಂದ ಇತ್ತ್" ಎಂದರು, ಅಷ್ಟೇ. ಆ ದಿನ ದನಿ ಇಳಿದಿತ್ತೋ ಇಲ್ಲವೋ ಗಮನಿಸುವಷ್ಟು ಬುದ್ಧಿ ನನಗಿರಲಿಲ್ಲ.

ಮೈಕಿನವರ ಕೆಲಸದ ರೀತಿ ನಮ್ಮ ಕಡೆಯವರಿಗೆಲ್ಲ ಗೊತ್ತು. ಮದುವೆ ದಿನ ಬೆಳಿಗ್ಗೆ ತೆಂಗಿನ ಮರಕ್ಕೆ ಹಾರ್ನ್ ಕಟ್ಟುವುದು, ದೇವರ ಹಾಡು ಒಂದು ಕಡೆ ಮುಗಿಸುವುದು, ದಿಬ್ಬಣ ಬರುವ ಹೊತ್ತಿಗೆ ಶೋಭಾನೆ ಕ್ಯಾಸೆಟ್ ತುರುಕುವುದು, ತಿಂಡಿಗೆ ಹೋಗುವುದು. ಕೇಳಿ ನೋಡುವುದೆಂದಿಲ್ಲ, ಕವರಿನಲ್ಲಿ ಮದುಮಗಳಿದ್ದರೆ ಸಾಕು.

ಆ ಬೇಸಿಗೆಯಲ್ಲೇ ಸಿಗಡಿ ಕೆರೆಯ ಯಜಮಾನರ ಮಗಳ ಮದುವೆ. ಕ್ಯಾಸೆಟ್ಟಿನಲ್ಲಿ ಏನಿದೆ ಎಂಬುದು ಆ ಮನೆಯವರಿಗೆ ಇನ್ನೂ ತಿಳಿದಿರಲಿಲ್ಲ, ಇವರಿಗೂ ಕರೆ ಬಂತು. ಆ ಹುಡುಗಿಯ ತೊಟ್ಟಿಲಿಗೆ ಹಾಡಿದ್ದೇ ಇವರು, ಮದುವೆಗೂ ಅವರೇ ಬೇಕು ಎಂದು ಅಜ್ಜಿ ಹಟ ಹಿಡಿದಿದ್ದರಂತೆ. ನೀವು ಹೋಗುತ್ತೀರಾ ಎಂದು ಕೇಳಿದ್ದೆ. "ಹೋಯ್ದೆ ಎಂತ? ಕೆರಿ ತೋಡಿದ್ದ್ ಅಪ್ಪ. ಹೆಣ್ಣ್ ಎಂತ ಮಾಡಿತ್ತ್?" ಎಂದರು. ಆ ಮದುವೆಯಲ್ಲಿ ಬೀಗರ ಹಾಡನ್ನೂ ಹಾಡುವುದಿಲ್ಲ, ಬರೀ ಹರಸುವ ಹಾಡು ಎಂದು ಗಟ್ಟಿ ಮಾಡಿಕೊಂಡಿದ್ದರು. ಬೈಯುವುದಕ್ಕೆ ಅವರಲ್ಲಿ ಒಂದು ನೇಮವಿತ್ತು. ಅಪ್ಪನ ಮೇಲಿನ ಸಿಟ್ಟನ್ನು ಮಗಳ ಮದುವೆಗೆ ತರಬಾರದು ಎಂಬುದು ಆ ನೇಮದೊಳಗಿನದು.

ನಾನೂ ಹೋಗಿದ್ದೆ. ತಿಂಡಿಗೆ ಬನ್ಸ್ ಮುರಿದು ಬಾಯಿಗೆ ಇಡಬೇಕು, ಹಾರ್ನಿನಿಂದ ಕೊಡಪಾನದ ಮೇಲೆ ಬಳೆ ಬಿದ್ದ ಸದ್ದು ಬಂತು. ನನ್ನ ಜೀವ ಅಲ್ಲಿಗೇ ಅರ್ಧ ಹೋಯಿತು. ಟೇಪನ್ನು ಹಿಂದಕ್ಕೆ ಸುತ್ತದೆಯೇ ತುರುಕಿದ್ದರು, ಬಂದದ್ದು ಎರಡನೇ ಬದಿಯ ಕೊನೆಯ ಹಾಡು. ಯಜಮಾನರು ಚಪ್ಪರದ ಬಾಗಿಲಲ್ಲಿ ದಿಬ್ಬಣದವರಿಗೆ ಕೈಮುಗಿಯುತ್ತಿದ್ದರು. ಮೊದಲ ಸಾಲಿಗೆ ಹೆಂಗಸರು ನಕ್ಕರು. ಎರಡನೆಯದಕ್ಕೆ ಯಾರೂ ನಗಲಿಲ್ಲ. ನಾನು ಆಂಪ್ಲಿಫೈಯರ್ ಹುಡುಕಿಕೊಂಡು ಓಡಿದೆ. ಮೈಕಿನವನು ಅದನ್ನು ಮನೆಯ ಹಿಂದಿನ ಕಟ್ಟಿಗೆ ಕೊಟ್ಟಿಗೆಯಲ್ಲಿಟ್ಟು ಚಿಲಕ ಹಾಕಿ ತಿಂಡಿಗೆ ಕೂತಿದ್ದ. ಚಿಲಕ ತೆಗೆದು ವಯರ್ ಕಿತ್ತಾಗ ಹಾಡು ಮುಗಿದೇ ಹೋಗಿತ್ತು. ನೀರು ಎಲ್ಲಿಂದ ತರುತ್ತೀ ಎಂಬ ಸಾಲಿಗೆ ಇಡೀ ಚಪ್ಪರ ತಿರುಗಿ ನೋಡಿತಂತೆ. ಅಡುಗೆಮನೆಯ ಪಕ್ಕದಲ್ಲಿ ನೀರಿನ ಟ್ಯಾಂಕರ್ ಲಾರಿ ನಿಂತಿತ್ತು.

ನಾನು ಕೈಯಲ್ಲಿ ವಯರ್ ಹಿಡಿದುಕೊಂಡೇ ಬಂದೆ. ಒಳಗೆ ಮದುಮಗಳ ಹತ್ತಿರ ಕೂತಿದ್ದ ಅಕ್ಕ ಹೊರಗೆ ಬಂದು ಅಂಗಳದಲ್ಲಿ ನಿಂತಿದ್ದರು. ಯಜಮಾನರು ಕೇಳಿದರು, "ಇದಕ್ಕಾ ನಿಮ್ಮನ್ನ ಕರ್ದದ್ದ್? ಈ ಕ್ಯಾಸೆಟ್ ಯಾರ್ ಹಾಕಿದ್ದ್?"

ಅಕ್ಕ ನನ್ನನ್ನು ನೋಡಿದರು. ಒಂದು ಕ್ಷಣವೇ ಇರಬೇಕು. ನಾನು ನೆಲ ನೋಡಿದೆ. ಶೋಭಾನೆ ಎಂದು ಸುಳ್ಳು ಕವರ್ ಹಾಕಿದ್ದು ನಾನು, ಮೈಕಿನವನು ಮೋಸ ಹೋದ ಎಂದು ಹೇಳಲು ನಾಲ್ಕು ಮಾತು ಸಾಕಿತ್ತು. ಹೇಳುವ ಬದಲು ಕೈಯಲ್ಲಿದ್ದ ವಯರ್ ಸುತ್ತತೊಡಗಿದೆ. ಇದನ್ನು ಇಂದಿಗೂ ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

"ಹಾಡಿದ್ದ್ ನಾನ್" ಎಂದರು ಅವರು. ಊಟ ಮಾಡದೆ ಹೊರಟುಹೋದರು.

ಕೆಲವು ದಿನ ಕಳೆದು ಹುಡುಗಿ ತವರಿಗೆ ಬಂದಳು. ಊರಿನ ಹಿರಿಯರು ಅಕ್ಕನಿಗೆ ಹೇಳಿ ಕಳಿಸಿದರು: ತಪ್ಪಾಯಿತು ಎಂದುಬಿಡಿ, ಇಲ್ಲವಾದರೆ ನಾಳೆ ಯಾರೂ ನಿಮ್ಮನ್ನು ಹಾಡಲು ಕರೆಯುವುದಿಲ್ಲ. ಅವರು ಅಂಗಡಿಗೆ ಬಂದು, "ನೀನೂ ಬಾ" ಎಂದರು. ನನ್ನನ್ನು ಮುಂದೆ ನಿಲ್ಲಿಸಿ ಎಲ್ಲ ಹೇಳಿಬಿಡುತ್ತಾರೆ ಎಂದುಕೊಂಡೇ ಹೋದೆ. ಹೆದರಿಕೆಯೂ ಇತ್ತು. ಹೇಳಿಬಿಡಲಿ, ಒಮ್ಮೆ ಮುಗಿಯಲಿ ಎಂಬ ಆಸೆಯೂ ಇತ್ತು.

ಜಗಲಿಯಲ್ಲಿ ಹುಡುಗಿಯ ಕೈ ಹಿಡಿದುಕೊಂಡರು. "ಮಗಾ, ದಿನ ತಪ್ಪಿತ್. ಹಾಡ್ ತಪ್ಪಲಿಲ್ಲ. ಆ ದಿನಕ್ಕೆ ನೀ ನನ್ನ್ ಕ್ಷಮಿಸ್ಕ್."

ಹುಡುಗಿ ಅಳುತ್ತಿದ್ದಳು. ಯಜಮಾನರು ಕುರ್ಚಿಯಿಂದಲೇ ಹೇಳಿದರು, "ಹಾಡೂ ವಾಪಾಸ್ ತಕಂಡೆ ಅನ್ನಿ. ಅಲ್ಲಿಗೆ ಮುಗೀತ್."

"ನಮ್ ಬಾವಿ ಸೀ ಆಯ್ಲಿ. ಆ ಹಾಡ್ ನಾನೇ ಮರಿತೆ."

ಯಜಮಾನರು ಎದ್ದು ಒಳಗೆ ಹೋದರು. ಅಕ್ಕ ಅಲ್ಲೇ ಕೂತು, ಮದುವೆ ದಿನ ಹಾಡದೆ ಉಳಿದಿದ್ದ ಹರಸುವ ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹುಡುಗಿಗೆ ಹಾಡಿದರು. ಅಜ್ಜಿ ಕುಂಕುಮ ತಂದು ಇಟ್ಟರು. ಕವರಿನ ಸುದ್ದಿಯನ್ನು ಅಕ್ಕ ಆ ದಿನವೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ.

ಹಿರಿಯರು ಹೇಳಿದ ಹಾಗೆಯೇ ಆಯಿತು. ಮರುವರ್ಷ ಕರೆ ಬರಲಿಲ್ಲ, ಅದರ ಮರುವರ್ಷವೂ ಇಲ್ಲ. ಹೆಣ್ಣು ಮಕ್ಕಳಿದ್ದ ಮನೆಯವರಿಗೆ ಹೆದರಿಕೆ, ಇವರನ್ನು ಕರೆದರೆ ಏನು ಹೊರಗೆ ಬೀಳುತ್ತದೋ ಎಂದು. ಮದುವೆ ಕಾಲದಲ್ಲಿ ಒಂದು ದಿನವೂ ಮನೆಯಲ್ಲಿ ಕೂತವರಲ್ಲ. ಈಗ ಜಗಲಿಯಲ್ಲಿ ಕೂತು ಹೊಳೆಯಾಚೆಯ ಮೈಕು ಕೇಳುತ್ತಿದ್ದರು ಎಂದು ಅವರ ಮಗಳು ಒಮ್ಮೆ ಹೇಳಿದಳು. "ಆ ಸಾಲ್ ತಪ್ಪಿ ಹಾಡ್ತೊ ಕಾಣ್" ಎಂದು ಗೊಣಗುತ್ತಿದ್ದರಂತೆ.

ಕ್ಯಾಸೆಟ್ ಮಾತ್ರ ತನ್ನ ಪಾಡಿಗೆ ತಾನು ನಡೆಯಿತು. ಜನ ಅಂಗಡಿಗೆ ಬಂದು ಆಚೀಚೆ ನೋಡಿ, "ಆ ಮದಿ ಮನಿ ಕ್ಯಾಸೆಟ್ ಇತ್ತಾ?" ಎಂದು ಕೇಳುತ್ತಿದ್ದರು. ಬಿಜೂರಿನ ಕಡೆ ಟೆಂಪೋದಲ್ಲಿ ಹಾಕುತ್ತಿದ್ದಾರಂತೆ, ಅಮಾಸೆಬೈಲಿನಲ್ಲಿ ಗದ್ದೆಗೆ ನೆಟ್ಟಿ ನೆಡುವ ಹೆಂಗಸರು ಬಾಯಿಪಾಠ ಮಾಡಿದ್ದಾರಂತೆ ಎಂದು ಸುದ್ದಿ. ಅವರಿಗೆ ಹೇಳಿದರೆ, "ಮಟ್ಟ್ ಸಮ ಹಿಡಿದ್ರಾ?" ಎಂದಷ್ಟೇ ಕೇಳಿದರು.

ಕೆಲವು ವರ್ಷಕ್ಕೆ ಸಿಗಡಿಗೆ ರೋಗ ಬಿದ್ದು ಕೆರೆಗಳು ಒಂದೊಂದಾಗಿ ಪಾಳು ಬಿದ್ದವು. ಹಾಡಿನ ಶಾಪ ತಟ್ಟಿತು ಎಂದರು ಕೆಲವರು. ಅಕ್ಕನಿಗೆ ಅದು ಹಿಡಿಸಲಿಲ್ಲ. "ನಾ ಬೈದದ್ದ್ ಮನುಷ್ಯನಿಗೆ. ಚಟ್ಲಿ ಪಾಪ ಎಂತ ಮಾಡಿತ್ತ್?" ಎಂದರು. ಬಾವಿ ಮಾತ್ರ ಬೇಗ ತಿರುಗಲಿಲ್ಲ. ಮಳೆಗಾಲದಲ್ಲಿ ಸಿಹಿ, ಬೇಸಿಗೆಯಲ್ಲಿ ಮತ್ತೆ ಉಪ್ಪು.

ನನ್ನ ಅಂಗಡಿ ಅಷ್ಟರಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿಯಾಗಿತ್ತು. ಎರಡು ಸಾವಿರದ ಹತ್ತರ ಸುಮಾರಿಗೆ ಹಳೆಯ ಟೇಪನ್ನು ಸಿಡಿಗೆ ಇಳಿಸಿ ಅವರ ಮನೆಗೆ ತೆಗೆದುಕೊಂಡು ಹೋದೆ. ಕವರಿನ ಮೇಲೆ ನನ್ನ ಕೈಯಾರೆ 'ಉಪ್ಪು ನೀರು' ಎಂದು ಬರೆದಿದ್ದೆ. ಓದಿ ಪಕ್ಕಕ್ಕೆ ಇಟ್ಟರು. ಹನ್ನೆರಡು ವರ್ಷ ನುಂಗಿಕೊಂಡಿದ್ದು ಅಂದು ಬಾಯಿಗೆ ಬಂತು.

"ಅಕ್ಕ, ಆ ಕವರ್ ಮಾಡ್ಸಿದ್ದ್ ನಾನ್ ಅಂದೇಳಿ ಊರಿಗೆ ಹೇಳ್ತೆ. ನಿಮ್ಮನ್ನ ಯಾರೂ ಕರಿದೆ ಇಪ್ಪುಕೆ ನಾನೇ ಕಾರಣ."

"ಹೇಳ್ಬ್ಯಾಡ."

"ನನ್ನ್ ಉಳ್ಸುಕೆ ನೀವ್ ಇಷ್ಟ್ ವರ್ಷ..."

"ನಿನ್ನ್ ಉಳ್ಸುಕಾ?" ಅವರು ನಕ್ಕರು. ಆಮೇಲೆ ದನಿ ಇಳಿಯಿತು. "ಅಂಗಡಿಯವ ತಪ್ಪಿ ಮಾಡಿದ್ದ್ ಅಂದಿದ್ರೆ, ಹಾಡೂ ತಪ್ಪಿ ಹಾಡಿದ್ದ್ ಆತಿತ್ತ್. ಅವ್ರಿಗೆ ಅಷ್ಟೇ ಬೇಕಿತ್ತ್. ಅದ್ಕೆ ನಾನೇ ಹಾಕ್ಸಿದ್ದ್ ಅಂದೇಳಿ ಇರ್ಲಿ ಅಂದ್ ಸುಮ್ನಾದೆ. ನಿನ್ ನೆನಪ್ ಎಲ್ಲಿತ್ತ್ ಮಾರಾಯ ನಂಗೆ?"

ನಾನು ಅವರ ದೊಡ್ಡ ಮನಸ್ಸನ್ನು ನೆನೆದು ನೆನೆದು ಅಷ್ಟೂ ವರ್ಷ ಕರಗಿದ್ದೆ. ಅವರು ಕಾಯ್ದದ್ದು ನನ್ನನ್ನಲ್ಲ, ನಾಲ್ಕು ಸಾಲಿನ ಹಾಡನ್ನು. ಅದಕ್ಕೆ ಬೆಲೆಯಾಗಿ ಅವರು ಕೊಟ್ಟದ್ದು ಹಾಡುವ ಜಾಗವನ್ನೇ. ಊರಿನಲ್ಲಿ ಆ ಸುದ್ದಿ ಅವರಿಗೆ ಬೇಕಾದ ಹಾಗೆಯೇ ಉಳಿಯಲಿ ಎಂದು ಇಲ್ಲಿ ಅವರ ಹೆಸರು, ಕೇರಿಯ ಹೆಸರು ಬರೆದಿಲ್ಲ.

ಎರಡು ವರ್ಷ ಕಳೆದು ಅವರು ತೀರಿಕೊಂಡರು. ಬೊಜ್ಜದ, ಅಂದರೆ ಉತ್ತರಕ್ರಿಯೆಯ, ಊಟಕ್ಕೆ ಹೋಗಿದ್ದೆ. ಸಿಗಡಿ ಕೆರೆಯ ಯಜಮಾನರೂ ಬಂದಿದ್ದರು. ತುಂಬ ಇಳಿದು ಹೋಗಿದ್ದರು, ಕೋಲು ಹಿಡಿದಿದ್ದರು. ನಮ್ಮ ಸಾಲಿನದೇ ಆ ತುದಿಯಲ್ಲಿ ಕೂತರು. ನನ್ನ ಪಕ್ಕದಲ್ಲಿ ಬೈಂದೂರಿನ ಕಡೆಯ ನೆಂಟರೊಬ್ಬರು. ಎಲೆಗೆ ಅನ್ನ ಬಿದ್ದ ಮೇಲೆ ಅವರು ಮಾತು ತೆಗೆದರು.

"ಯಾರ್ದೋ ಮದಿ ಮನ್ಯಂಗೆ ಕ್ಯಾಸೆಟ್ ಹಾಕ್ಸಿ ಬೈದದ್ದ್ ಇವ್ರೇ ಅಂಬ್ರಲೆ, ಹೌದಾ? ಕೆಲವ್ರ್ ಹೇಳ್ತ್ರ್, ಮೈಕಿನವ ತಪ್ಪಿ ಹಾಕಿದ್ದಂಬ್ರ್, ಇವ್ರಿಗೆ ಗೊತ್ತೇ ಇರ್ಲಿಲ್ಲಂಬ್ರ್. ನಿಮ್ಗ್ ಗೊತ್ತಿಕ್ಕಲ್ದಾ, ನೀವ್ ಕ್ಯಾಸೆಟ್ ಅಂಗಡಿಯವ್ರ್."

ಸಾರು ಬಡಿಸುತ್ತಿದ್ದ ಅಕ್ಕನ ಮಗಳು ಸೌಟು ಹಿಡಿದುಕೊಂಡು ನಿಂತಳು. ಅವಳಿಗೂ ನಿಜ ಏನೆಂದು ತಿಳಿದಿರಲಿಲ್ಲ.

"ತಪ್ಪಿ ಹಾಕಿದ್ದಲ್ಲ" ಎಂದೆ. "ಅವ್ರೇ ಹಾಕ್ಸಿದ್ದ್. ನನ್ ಅಂಗಡಿಯಿಂದ್ಲೇ ತಕಂಡ್ ಹೋದದ್ದ್."

ಅಕ್ಕಪಕ್ಕದವರು ಉಣ್ಣುವ ಕೈ ನಿಲ್ಲಿಸಿ ನನ್ನ ಕಡೆ ನೋಡಿದರು. ನಾನು ಇನ್ನೊಮ್ಮೆ ಹೇಳಿದೆ, ಸಾಲಿನ ಆ ತುದಿಯಲ್ಲಿದ್ದ ಯಜಮಾನರಿಗೂ ಕೇಳುವ ಹಾಗೆ.